ಪೈಥಾನ್‌ನಲ್ಲಿ ವಿಎಕ್ಸ್‌ಲ್ಯಾನ್ ಪ್ಯಾಕೆಟ್ ಬಿಚ್ಚುವುದು: ನನ್ನ ಅನುಭವ

ವಿಎಕ್ಸ್‌ಲ್ಯಾನ್ ಎಂದರೆ ಒಳಗಿನ ಈಥರ್ನೆಟ್ ಫ್ರೇಮನ್ನು ಹೊರಗಿನ ಯುಡಿಪಿ ಪ್ಯಾಕೆಟ್ಟಿನಲ್ಲಿ ಸುತ್ತಿ ಕಳಿಸುವ ಟನಲ್. ಕೋಡ್ ಬರೆಯುವ ಮೊದಲು ನಾನು ನೋಡುವುದು ಕ್ಯಾಪ್ಚರ್‌ನ ಸ್ನ್ಯಾಪ್‌ಲೆನ್, ಅಂದರೆ ಪ್ರತಿ ಪ್ಯಾಕೆಟ್‌ನಲ್ಲಿ ಎಷ್ಟು ಬೈಟ್ ಉಳಿಸಬೇಕೆಂಬ ಮಿತಿ. ಜಾಗ ಉಳಿಸಲು 96 ಬೈಟ್‌ಗೆ ಕತ್ತರಿಸಿದ್ದರೆ ಕೆಲಸ ಕೆಟ್ಟಂತೆಯೇ. ಹೊರಗಿನ ಈಥರ್ನೆಟ್ 14, ಐಪಿ 20, ಯುಡಿಪಿ 8, ವಿಎಕ್ಸ್‌ಲ್ಯಾನ್ 8 ಸೇರಿ 50 ಬೈಟ್ ಹೊದಿಕೆಗೇ ಹೋಯಿತು. ಉಳಿದ 46ರಲ್ಲಿ ಒಳಗಿನ ಈಥರ್ನೆಟ್, ಐಪಿಗೆ 34 ಕಳೆದರೆ ಟಿಸಿಪಿಗೆ ಸಿಗುವುದು 12. ಸಂಪರ್ಕದ ಆರಂಭ, ಕೊನೆ ತಿಳಿಸುವ ಸಿನ್, ಫಿನ್ ಫ್ಲ್ಯಾಗ್‌ಗಳಿರುವುದು ಟಿಸಿಪಿಯ 14ನೇ ಬೈಟಿನಲ್ಲಿ!

ಕ್ಯಾಪ್ಚರ್ ಫಿಲ್ಟರ್‌ನಲ್ಲಿ ಟಿಸಿಪಿ ಪೋರ್ಟ್ 443 ಎಂದು ಕೊಟ್ಟರೆ ಒಳಗಿನದು ಸಿಗುವುದಿಲ್ಲ, ಅದು ನೋಡುವುದು ಹೊರಗಿನ ಹೆಡರ್ ಮಾತ್ರ. ವಿಎಕ್ಸ್‌ಲ್ಯಾನ್‌ನ ಪೋರ್ಟ್ ಆದ ಯುಡಿಪಿ 4789 ಹಿಡಿದು, ಒಳಗಿನದನ್ನು ಪೈಥಾನ್‌ನಲ್ಲೇ ಸೋಸಬೇಕು. ಲಿನಕ್ಸ್‌ನಲ್ಲಿ ಪೋರ್ಟ್ ಹೇಳದೆ ಟನಲ್ ಕಟ್ಟಿದ್ದರೆ 8472 ಇರಬಹುದು, ಅದನ್ನೂ ಸೇರಿಸಿ. ದಾರಿಯಲ್ಲಿ ಯಾವುದೋ ರೂಟರ್ ಹೊರಗಿನ ಪ್ಯಾಕೆಟ್ಟನ್ನು ತುಂಡು ಮಾಡಿದರೆ ಎರಡನೇ ತುಂಡಿನಿಂದ ಯುಡಿಪಿ ಹೆಡರೇ ಇರುವುದಿಲ್ಲ. ಫ್ರ್ಯಾಗ್‌ಮೆಂಟ್ ಆಫ್‌ಸೆಟ್ ಸೊನ್ನೆಯಲ್ಲದವನ್ನೂ ಹಿಡಿಯದಿದ್ದರೆ ಅವು ಸದ್ದಿಲ್ಲದೆ ಬಿದ್ದುಹೋಗುತ್ತವೆ.

ಪ್ಯಾಕೆಟ್ ಬಿಡಿಸುವ ಪೈಥಾನ್ ಲೈಬ್ರರಿ ಸ್ಕೇಪಿಯಲ್ಲಿ ಪ್ಯಾಕೆಟ್‌ನ ಐಪಿ ಲೇಯರ್ ಕೇಳಿದರೆ ಕೊಡುವುದು ಹೊರಗಿನದನ್ನು. ಹಾಗಾಗಿ ಮೊದಲು ವಿಎಕ್ಸ್‌ಲ್ಯಾನ್ ಲೇಯರ್‌ನ ಪೇಲೋಡನ್ನು ಬೇರೆ ವೇರಿಯಬಲ್‌ಗೆ ತೆಗೆದುಕೊಂಡು, ಮುಂದಿನದೆಲ್ಲ ಅದರ ಮೇಲೆಯೇ ಮಾಡುತ್ತೇನೆ. ಒಳಗೆ ಏನಾದರೂ ತಿದ್ದಿದರೆ ಒಳಗಿನ ಐಪಿ, ಟಿಸಿಪಿ ಚೆಕ್‌ಸಮ್ (ದೋಷ ಪತ್ತೆಯ ಸಂಖ್ಯೆ) ಅಳಿಸಬೇಕು. ಉದ್ದ ಬದಲಾಗಿದ್ದರೆ ಒಳಗಿನ ಐಪಿ ಉದ್ದ, ಹೊರಗಿನ ಯುಡಿಪಿ ಉದ್ದ, ಐಪಿ ಉದ್ದ ಮತ್ತು ಚೆಕ್‌ಸಮ್ಮನ್ನೂ ಅಳಿಸಬೇಕು. ಸ್ಕೇಪಿ ಮತ್ತೆ ಲೆಕ್ಕ ಹಾಕಿಕೊಳ್ಳುತ್ತದೆ. ಹೊರಗಿನ ಯುಡಿಪಿ ಚೆಕ್‌ಸಮ್ ಸೊನ್ನೆ ಇದ್ದರೆ ಗಾಬರಿ ಬೇಡ, ವಿಎಕ್ಸ್‌ಲ್ಯಾನ್‌ನಲ್ಲಿ ಅದೇ ವಾಡಿಕೆ.

ದೊಡ್ಡ ಫೈಲಿಗೆ ಸ್ಕೇಪಿಯ ಪೂರ್ತಿ ವಿಂಗಡಣೆ ತೀರಾ ನಿಧಾನ. ಕಚ್ಚಾ ಬೈಟ್ ಓದಿ ಸ್ಟ್ರಕ್ಟ್ ಮಾಡ್ಯೂಲ್‌ನಿಂದ ಬಿಡಿಸುವುದೇ ವಾಸಿ. ಹೊರಗಿನ ಐಪಿ ಹೆಡರ್ 20 ಬೈಟ್ ಎಂದು ನಂಬಬೇಡಿ, ಮೊದಲ ಬೈಟಿನ ಕೆಳಗಿನ 4 ಬಿಟ್ಟನ್ನು 4ರಿಂದ ಗುಣಿಸಿ. ವಿಎಕ್ಸ್‌ಲ್ಯಾನ್‌ನ 8 ಬೈಟನ್ನು ನೆಟ್‌ವರ್ಕ್ ಬೈಟ್ ಕ್ರಮದಲ್ಲಿ ಎರಡು 32 ಬಿಟ್ ಸಂಖ್ಯೆಗಳಾಗಿ ಓದುತ್ತೇನೆ. ಎರಡನೆಯದರಲ್ಲಿ ವಿಎನ್ಐ (ಯಾವ ವರ್ಚುವಲ್ ನೆಟ್‌ವರ್ಕ್ ಎಂದು ಹೇಳುವ ಸಂಖ್ಯೆ) ಇರುವುದು ಮೇಲಿನ 24 ಬಿಟ್ ಮಾತ್ರ. ಹೆಕ್ಸ್‌ನಲ್ಲಿ 00 00 64 00 ಎಂದಿದ್ದರೆ ವಿಎನ್ಐ 100. 8 ಬಿಟ್ ಬಲಕ್ಕೆ ಸರಿಸಲು ಮರೆತರೆ 25600 ಬರುತ್ತದೆ. ನಿಮ್ಮ ವಿಎನ್ಐಗಳೆಲ್ಲ 256ರಿಂದ ಭಾಗವಾಗುತ್ತಿದ್ದರೆ ತಪ್ಪು ಇಲ್ಲೇ.

ಸೆಷನ್ ಎಣಿಸುವ ಡಿಕ್ಷನರಿಯ ಕೀಯಲ್ಲಿ ಒಳಗಿನ ಐಪಿ, ಪೋರ್ಟ್‌ಗಳ ಜತೆ ವಿಎನ್ಐಯೂ ಇರಲೇಬೇಕು. ಒಂದೇ 10.0.0.5 ಎರಡು ಬೇರೆ ನೆಟ್‌ವರ್ಕ್‌ಗಳಲ್ಲಿ ಇರುವುದು ತೀರಾ ಸಾಮಾನ್ಯ.