ಮಾರಿಸ್ ಮೈನರ್‌ಗೆ ಆಯಿಲ್ ಫಿಲ್ಟರ್ ಹುಡುಕಿದ ಅನುಭವ

ಹಳೇ ಕಾರಿಗೆ ಆಯಿಲ್ ಫಿಲ್ಟರ್ ಬೇಕೆಂದು ಹೊರಟವರು ಅಂಗಡಿಯಲ್ಲಿ ಕಾರಿನ ಹೆಸರು ಹೇಳುವುದನ್ನು ಬಿಟ್ಟು, ಹಳೇ ಫಿಲ್ಟರನ್ನೇ ಕೌಂಟರ್ ಮೇಲೆ ಇಟ್ಟರೆ ಅರ್ಧ ಕೆಲಸ ಆದ ಹಾಗೆ. ಉಳಿದ ಅರ್ಧ ಕೆಲಸವೆಂದರೆ, ಸಿಕ್ಕಿದ ಫಿಲ್ಟರ್ ಒಳಗೆ ಕೂತು ನಿಜವಾಗಿಯೂ ಆಯಿಲ್ ಸೋಸುತ್ತದೆಯೇ ಎಂದು ನೋಡುವುದು. ಬಹಳ ಜನ ಈ ಎರಡನೆಯದನ್ನು ಮಾಡುವುದೇ ಇಲ್ಲ.

ನಮ್ಮದು ಇಂಗ್ಲೆಂಡಿನ ಹಳೇ ಪುಟ್ಟ ಕಾರು, ಮಾರಿಸ್ ಮೈನರ್ 1000. ಮೂಡಿಗೆರೆ ಕಡೆಯ ಕಾಫಿ ತೋಟದ ಶೆಡ್ಡಿನಲ್ಲಿ ಬಹಳ ವರ್ಷ ನಿಂತಿದ್ದ ಕಾರು. ಎಂಜಿನ್ 948 ಸಿಸಿ, ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯ ಎ-ಸೀರೀಸ್. 1956ರಿಂದ 1962ರ ತನಕ ಮೈನರ್‌ಗಳಿಗೆ ಇದೇ ಎಂಜಿನ್ ಬರುತ್ತಿತ್ತು. ಹಿಂದೂಸ್ತಾನ್ ಮೋಟಾರ್ಸ್‌ನವರು ‘ಬೇಬಿ ಹಿಂದೂಸ್ತಾನ್’ ಎಂದು ಇಲ್ಲಿ ಮಾರಿದ್ದು ಇದಕ್ಕಿಂತ ಹಿಂದಿನ ಮೈನರ್. ಹೆಸರು ಒಂದೇ ಮನೆತನದ್ದಾದರೂ ಅದರ ಸಾಮಾನು ಇದಕ್ಕೆ ಆಗುತ್ತದೆಂದು ನಂಬುವ ಹಾಗಿಲ್ಲ.

ಈಗಿನ ಕಾರುಗಳಲ್ಲಿ ಫಿಲ್ಟರ್ ಎಂದರೆ ಮುಚ್ಚಿದ ಡಬ್ಬಿ. ತಿರುಗಿಸಿ ಬಿಚ್ಚುವುದು, ಹೊಸದನ್ನು ತಿರುಗಿಸಿ ಕೂರಿಸುವುದು, ಅಷ್ಟೇ. ಮೈನರ್‌ನಲ್ಲಿ ಎಂಜಿನ್ ಪಕ್ಕಕ್ಕೆ ಎರಕದ ಒಂದು ಹೆಡ್ ಇರುತ್ತದೆ, ಅದರ ಕೆಳಗೆ ತಗಡಿನ ಬೌಲ್. ಬೌಲ್‌ನ ತಳದಿಂದ ಒಂದು ಉದ್ದ ಬೋಲ್ಟ್ ಮೇಲಿನ ತನಕ ಹೋಗಿ ಎಲ್ಲವನ್ನೂ ಹಿಡಿದಿಡುತ್ತದೆ. ಬದಲಾಯಿಸಬೇಕಾದ್ದು ಬೌಲ್ ಒಳಗಿನ ಕಾಗದದ ಎಲಿಮೆಂಟ್, ಅಂದರೆ ಆಯಿಲ್ ಸೋಸುವ ಭಾಗ ಮಾತ್ರ.

ನಾನು ಬೌಲ್ ಬಿಚ್ಚಿದಾಗ ತಳದಲ್ಲಿ ಎರಡು ಬೆರಳು ಎತ್ತರಕ್ಕೆ ಕೆಸರು ಕಟ್ಟಿತ್ತು. ಜೋನಿಬೆಲ್ಲದ ಹಾಗೆ ಚಮಚಕ್ಕೆ ಅಂಟಿಕೊಂಡೇ ಬಂತು. ಅದು ಇರಲಿ, ತೊಳೆದರೆ ಹೋಗುತ್ತದೆ. ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ ಸಂಗತಿ. ಬೋಲ್ಟ್ ಮೇಲೆ ಕ್ರಮವಾಗಿ ಒಂದು ಸ್ಪ್ರಿಂಗ್, ಒಂದು ವಾಷರ್, ಒಂದು ಫೆಲ್ಟ್ ವಾಷರ್, ಅದರ ಮೇಲೆ ಎಲಿಮೆಂಟ್ ಕೂರುವ ಒಂದು ತಟ್ಟೆ ಇರಬೇಕು. ಇದ್ದದ್ದು ಬರೀ ವಾಷರ್. ಹಿಂದೆ ಯಾರೋ ಅಳತೆಗೆ ತುಸು ಉದ್ದದ ಎಲಿಮೆಂಟ್ ತಂದು, ಬೌಲ್ ಮುಚ್ಚಲಿಲ್ಲವೆಂದು ಸ್ಪ್ರಿಂಗ್ ಮತ್ತು ತಟ್ಟೆ ತೆಗೆದು ಪಕ್ಕಕ್ಕಿಟ್ಟಿದ್ದಾರೆ.

ಇದರ ಪರಿಣಾಮ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಆಯಿಲ್ ಎಲಿಮೆಂಟಿನ ಹೊರಗಿನಿಂದ ಒಳಕ್ಕೆ, ಕಾಗದದ ಮೂಲಕವೇ ಹೋಗಬೇಕು. ಆ ಸ್ಪ್ರಿಂಗ್ ಎಲಿಮೆಂಟನ್ನು ಕೆಳಗಿನಿಂದ ಒತ್ತಿ ಹಿಡಿದರೆ ತಾನೇ ಮೇಲೂ ಕೆಳಗೂ ಸಂದು ಮುಚ್ಚುವುದು? ಒತ್ತುವವರಿಲ್ಲದಿದ್ದರೆ ಆಯಿಲ್ ಸುಲಭದ ದಾರಿ ಹಿಡಿದು ಸಂದಿನಲ್ಲಿ ನುಗ್ಗಿ ನೇರ ಬೇರಿಂಗ್‌ಗೆ ಹೋಗುತ್ತದೆ. ಪ್ರೆಷರ್ ಗೇಜ್ ಇಟ್ಟು ನೋಡಿದರೆ ಓಡುವಾಗ 60 ಪಿಎಸ್‌ಐ ಆಸುಪಾಸು, ಎಲ್ಲಾ ಚೆನ್ನಾಗಿಯೇ ಇದೆ ಎನ್ನಿಸುತ್ತದೆ. ಫಿಲ್ಟರ್ ಹೊಸದು, ಆಯಿಲ್ ಹೊಸದು, ಆದರೆ ಸೋಸುವ ಕೆಲಸ ಮಾತ್ರ ನಡೆಯುತ್ತಿಲ್ಲ.

ಎಲ್ಲವನ್ನೂ ತೊಳೆದು, ಚೀಲದಲ್ಲಿ ಹಾಕಿಕೊಂಡು, ಗಾಡಿ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. “ಮೈನರ್‌ದು ಎಲ್ಲಿ ಸಿಗುತ್ತೆ ಸಾರ್ ಈಗ, ಅಂಬಾಸಿಡರ್‌ದು ಕೊಡ್ಲಾ?” ಎಂದು ಒಂದು ಅಂಗಡಿಯವರು ಕೇಳಿದರು. ಇನ್ನೊಂದರಲ್ಲಿ 948 ಸಿಸಿ ಎಂದ ಕೂಡಲೇ ಸ್ಟ್ಯಾಂಡರ್ಡ್ ಹೆರಾಲ್ಡ್‌ದು ತೆಗೆದರು. ಅವರನ್ನು ದೂರುವಂತಿಲ್ಲ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಹೆರಾಲ್ಡ್‌ನ ಎಂಜಿನ್ ಕೂಡ 948 ಸಿಸಿಯೇ, ಬೋರ್ ಸ್ಟ್ರೋಕ್ ಕೂಡ ಹತ್ತಿರ ಹತ್ತಿರ ಅಷ್ಟೇ. ಆದರೆ ಅದು ಸ್ಟ್ಯಾಂಡರ್ಡ್-ಟ್ರಯಂಫ್‌ನವರ ಎಂಜಿನ್, ಇದು ಬಿಎಂಸಿಯದು. ಒಂದಕ್ಕೊಂದು ಸಂಬಂಧವೇ ಇಲ್ಲ. ಸಿಸಿ ಹೇಳಿ ಸಾಮಾನು ಕೇಳಿದರೆ ಹೀಗೆ ದಾರಿ ತಪ್ಪುತ್ತದೆ.

ಕೊನೆಗೆ ಒಳಗಿನ ಗಲ್ಲಿಯ ಅಂಗಡಿಯೊಂದರಲ್ಲಿ ವಯಸ್ಸಾದ ಯಜಮಾನರು, ನಾನು ಬಾಯಿ ತೆರೆಯುವ ಮುಂಚೆಯೇ “ಸ್ಯಾಂಪಲ್ ತಂದಿದೀರಾ?” ಎಂದರು. ಹಳೇ ಎಲಿಮೆಂಟ್ ಕೊಟ್ಟೆ. “ಇದೇ ತಪ್ಪು ಇರಬಹುದು ಸಾರ್. ಬೌಲ್ ಕೊಡಿ” ಎಂದು ಕೇಳಿ, ಅಳೆಯುವ ಸಾಧನ ವರ್ನಿಯರ್ ತೆಗೆದು ಬೌಲ್‌ನ ಆಳ, ಹೆಡ್ಡಿನಲ್ಲಿ ಎಲಿಮೆಂಟ್ ಕೂರುವ ಜಾಗದ ಅಗಲ, ಬೋಲ್ಟಿನ ದಪ್ಪ ಎಲ್ಲ ಅಳೆದು ಚೀಟಿಯಲ್ಲಿ ಬರೆದುಕೊಂಡರು. ಅಂಥವರ ಮುಂದೆ ನಿಂತು ಕೆಲಸ ಕಲಿಯಬೇಕು. ಹೊರಗಿನ ವ್ಯಾಸ, ಎತ್ತರ, ಮೇಲಿನ ತೂತು, ಕೆಳಗಿನ ತೂತು: ಈ ನಾಲ್ಕು ಅಳತೆ ಸಿಕ್ಕರೆ ಕಾರಿನ ಹೆಸರು ಬೇಕಿಲ್ಲ. ಬೌಲ್ ಟೈಪ್ ಫಿಲ್ಟರ್ ನಮ್ಮಲ್ಲಿ ಟ್ರಾಕ್ಟರ್, ಹಳೇ ಡೀಸೆಲ್ ಎಂಜಿನ್‌ಗಳಿಗೆ ಬಹಳ ಕಾಲ ಬಂದದ್ದರಿಂದ ಬಗೆಬಗೆಯ ಅಳತೆಯ ಎಲಿಮೆಂಟ್‌ಗಳು ಇನ್ನೂ ಅಂಗಡಿಗಳಲ್ಲಿವೆ. ನನಗೆ ಹೊಂದಿದ್ದೂ ಅಂಥದ್ದೇ ಒಂದು.

ಅಲ್ಲಿ ಒಂದು ಎಚ್ಚರ ಬೇಕು. ಡೀಸೆಲ್ ಫಿಲ್ಟರ್ ಎಲಿಮೆಂಟ್ ನೋಡಲು ಆಯಿಲ್‌ದರ ತದ್ರೂಪ ಇರುತ್ತದೆ. ಅದರ ಕಾಗದ ಬಹಳ ನಯ, ತೆಳ್ಳಗಿನ ಡೀಸೆಲ್‌ಗೆ ಮಾಡಿದ್ದು. ಬೆಳಗಿನ ತಣ್ಣನೆಯ, ದಪ್ಪನೆಯ 20ಡಬ್ಲ್ಯೂ-50 ಆಯಿಲ್ ಅದರಲ್ಲಿ ಹಾಯಲು ಒದ್ದಾಡುತ್ತದೆ, ಫಿಲ್ಟರ್ ಕಟ್ಟಿಕೊಂಡಾಗ ಆಯಿಲ್‌ಗೆ ಅಡ್ಡದಾರಿ ಕೊಡುವ ಬೈಪಾಸ್ ವಾಲ್ವ್ ತೆರೆದುಕೊಂಡು ಸೋಸದ ಆಯಿಲ್ಲೇ ಎಂಜಿನ್‌ಗೆ ಹೋಗುತ್ತದೆ. ಅಳತೆ ಸರಿಯಿದೆಯೆಂದು ಅದನ್ನು ತರಬೇಡಿ. ಹಾಗೆಯೇ, ದಶಕಗಳ ಹಿಂದಿನ ಪೊಟ್ಟಣದಲ್ಲಿ ಸೀಲು ಒಡೆಯದ ಎಲಿಮೆಂಟ್ ಸಿಕ್ಕರೆ ಹಿಗ್ಗಬೇಡಿ. ಕಾಗದ ಪೆಡಸಾಗಿ, ಅಂಚಿನ ಗೋಂದು ಬಿಟ್ಟಿರುತ್ತದೆ. ಷೋಕೇಸಿಗೆ ಚೆನ್ನ, ಎಂಜಿನ್‌ಗೆ ಬೇಡ.

ಸ್ಪ್ರಿಂಗ್ ಶಿವಾಜಿನಗರದ ಗುಜರಿಯಲ್ಲಿ ಬೇರೊಂದು ಬೌಲ್‌ನೊಳಗೆ ಸಿಕ್ಕಿತು. ತಟ್ಟೆಯನ್ನು ಲೇತ್ ಅಂಗಡಿಯಲ್ಲಿ ಮಾಡಿಸಿದೆ. ಬೌಲ್ ಮತ್ತು ಹೆಡ್ ನಡುವೆ ಸೋರದಂತೆ ಕೂರುವ ರಬ್ಬರ್ ರಿಂಗ್ ಮಾತ್ರ ನೈಟ್ರೈಲ್, ಅಂದರೆ ಆಯಿಲ್ ತಡೆಯುವ ರಬ್ಬರ್ ಆಗಿರಲೇಬೇಕು. ಸಾದಾ ರಬ್ಬರ್ ಬಿಸಿ ಆಯಿಲ್‌ಗೆ ಉಬ್ಬಿ ಮೆತ್ತಗಾಗುತ್ತದೆ.

ಜೋಡಿಸುವ ಮುಂಚೆ ಹೆಡ್ಡಿನಲ್ಲಿ ರಿಂಗ್ ಕೂರುವ ತೋಡಿನೊಳಗೆ ಟಾರ್ಚ್ ಬಿಟ್ಟು ನೋಡಿ. ಹಳೇ ರಿಂಗ್ ಕಲ್ಲಿನಂತೆ ಗಟ್ಟಿಯಾಗಿ, ಕಪ್ಪಾಗಿ, ಎರಕದ ಭಾಗವೇ ಎನ್ನಿಸುವಂತೆ ಕೂತಿರುತ್ತದೆ. ಅದರ ಮೇಲೇ ಹೊಸದನ್ನು ಇಟ್ಟು ಬಿಗಿದರೆ ಮೊದಲು ಸೋರುವುದಿಲ್ಲ, ಎಂಜಿನ್ ಬಿಸಿಯಾಗಿ ಪ್ರೆಷರ್ ಏರಿದಾಗ ದಾರಿ ಮಧ್ಯೆ ಆಯಿಲ್ ಪೂರಾ ಕಕ್ಕುತ್ತದೆ. ಸೇಫ್ಟಿ ಪಿನ್ ಚುಚ್ಚಿ ನೋಡಿ. ಚುಚ್ಚಿಕೊಂಡರೆ ರಬ್ಬರ್, ಜಾರಿದರೆ ಕಬ್ಬಿಣ. ನನ್ನದರಲ್ಲಿ ಚೂರು ಚೂರಾಗಿ ಕಿತ್ತು ಬಂತು.

ಎಲಿಮೆಂಟ್ ಸರಿಯಾಗಿ ಕೂರುತ್ತದೆಯೇ ಎಂದು ತಿಳಿಯಲು ವಾಲ್ವ್ ಕೆಲಸದವರು ಬಳಸುವ ಪ್ರಷ್ಯನ್ ಬ್ಲೂ ಬಣ್ಣವನ್ನು ಹೆಡ್ಡಿನ ಅಂಚಿಗೆ ಮತ್ತು ತಟ್ಟೆಗೆ ತೆಳ್ಳಗೆ ಸವರಿ, ಆಯಿಲ್ ಇಲ್ಲದೆ ಒಮ್ಮೆ ಬಿಗಿದು ಬಿಚ್ಚಿದೆ. ಎಲಿಮೆಂಟಿನ ಎರಡೂ ಕೊನೆಯಲ್ಲಿ ನೀಲಿ ಬಳೆ ಪೂರ್ತಿಯಾಗಿ ಮೂಡಿತ್ತು. ಎಲ್ಲಾದರೂ ತುಂಡಾಗಿದ್ದರೆ ಅಲ್ಲಿ ಸಂದಿದೆ ಎಂದರ್ಥ. ಬಣ್ಣ ಒರೆಸಿ, ಬೌಲ್‌ಗೆ ಅರ್ಧ ಆಯಿಲ್ ಹಾಕಿ, ಬೋಲ್ಟ್ ಬಿಗಿಯುತ್ತಾ ಬೌಲನ್ನು ಕೈಯಲ್ಲಿ ಅತ್ತಿತ್ತ ತಿರುಗಿಸುತ್ತಾ ಬಂದರೆ ಅಂಚು ರಿಂಗ್ ಮೇಲೆ ಸರಿಯಾಗಿ ಕೂರುತ್ತದೆ. ಆಮೇಲೆ ಎಂಜಿನ್ ಹೊತ್ತಿಕೊಳ್ಳದಂತೆ ಕಾಯಿಲ್ ವಯರ್ ಕಿತ್ತಿಟ್ಟು, ಆಯಿಲ್ ಲೈಟ್ ಆರುವ ತನಕ ಸ್ಟಾರ್ಟರ್‌ನಲ್ಲೇ ಸ್ವಲ್ಪ ಸ್ವಲ್ಪ ತಿರುಗಿಸಿ, ನಂತರವೇ ಸ್ಟಾರ್ಟ್ ಮಾಡಿದೆ.

ಇಷ್ಟೆಲ್ಲ ಯಾಕೆ, ಅಡಾಪ್ಟರ್ ಹಾಕಿ ಈಗಿನ ಡಬ್ಬಿ ಫಿಲ್ಟರ್ ಹಾಕಬಾರದೇ ಎಂದು ಗೆಳೆಯರು ಕೇಳಿದರು. ಇಂಗ್ಲೆಂಡಿನಿಂದ ಅಂಥ ಅಡಾಪ್ಟರ್ ತರಿಸಬಹುದು, ದಿನವೂ ಓಡಿಸುವವರಿಗೆ ಅದೇ ಒಳ್ಳೆಯದು. ಆದರೆ ಥ್ರೆಡ್ ನೋಡಿಕೊಳ್ಳಿ. ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಮುಕ್ಕಾಲು ಇಂಚು, ಇಂಚಿಗೆ 16 ಸುತ್ತಿನ ಯುಎನ್‌ಎಫ್ (ಇಂಚಿನ ಅಳತೆಯ ಥ್ರೆಡ್), ಅಂದರೆ 19.05 ಮಿ.ಮೀ. ಇಲ್ಲಿನ ಅನೇಕ ಫಿಲ್ಟರ್‌ಗಳು ಎಂ20, 1.5 ಪಿಚ್, ಅಂದರೆ 20 ಮಿ.ಮೀ. ವ್ಯಾಸ, ಸುತ್ತಿನಿಂದ ಸುತ್ತಿಗೆ 1.5 ಮಿ.ಮೀ. ಎಂ20 ಡಬ್ಬಿ ಆ ಸ್ಟಡ್ ಮೇಲೆ ಸಲೀಸಾಗಿ ಏರುತ್ತದೆ, ಬಿಗಿದಂತೆಯೂ ಅನ್ನಿಸುತ್ತದೆ, ಹಿಡಿತ ಮಾತ್ರ ಹಲ್ಲಿನ ತುದಿಯಲ್ಲಷ್ಟೇ. ಪ್ರೆಷರ್ ಬಂದಾಗ ಕಳಚಿದರೆ ಎಂಜಿನ್ ಕೆಲವೇ ಕ್ಷಣದಲ್ಲಿ ಹೋಯಿತು. ಡಬ್ಬಿಯೊಳಗೆ ಬೈಪಾಸ್ ವಾಲ್ವ್ ಇದೆಯೇ ಎಂಬುದನ್ನೂ ಕೇಳಿ. ನಾನು ಬೌಲ್ ಉಳಿಸಿಕೊಂಡೆ. 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಗಾಡಿಗಳಿಗೆ 2021ರಿಂದ ‘ವಿಎ’ ಸೀರೀಸ್‌ನ ವಿಂಟೇಜ್ ನೋಂದಣಿ ಇದೆ, ಎಂಜಿನ್ ಆದಷ್ಟು ಹುಟ್ಟಿದ ಹಾಗೇ ಇರಲಿ ಎಂಬ ಆಸೆ ನನ್ನದು.

ಹೊಸ ಎಲಿಮೆಂಟ್ ಒಂದು ಮಳೆಗಾಲ ಓಡಿದ ಮೇಲೆ ತೆಗೆದು, ಬ್ಲೇಡಿನಲ್ಲಿ ಕೊಯ್ದು, ಕಾಗದದ ಮಡಿಕೆಗಳನ್ನು ಬಿಳಿ ಬಟ್ಟೆಯ ಮೇಲೆ ಬಿಡಿಸಿ ನೋಡಿದೆ. ಅಯಸ್ಕಾಂತಕ್ಕೆ ಅಂಟುವ ನವಿರಾದ ಪುಡಿ ಸ್ವಲ್ಪ ಇತ್ತು, ತಾಮ್ರ ಬಣ್ಣದ ಚೂರು ಇರಲಿಲ್ಲ. ತಾಮ್ರ ಕಂಡರೆ ಬೇರಿಂಗ್ ಸವೆಯುತ್ತಿದೆ ಎಂದು ಲೆಕ್ಕ, ಎಂಜಿನ್ ತಳದ ಆಯಿಲ್ ತೊಟ್ಟಿ (ಸಂಪ್) ಬಿಚ್ಚಿ ನೋಡಲೇಬೇಕು. ಅದೇ ಅಳತೆಯ ಇನ್ನಷ್ಟು ಎಲಿಮೆಂಟ್‌ಗಳನ್ನು ತಂದು, ಒಂದೊಂದರ ಮೇಲೂ ನಾಲ್ಕು ಅಳತೆ ಬರೆದು, ತೇವ ತಾಗದಂತೆ ಕಟ್ಟಿಟ್ಟಿದ್ದೇನೆ.