ಟೊಯೊಟಾ ಜಿಆರ್86: ಅಮೆರಿಕದಲ್ಲಿ ಕೊಳ್ಳುವ ಮುನ್ನ ಪರೀಕ್ಷಿಸುವ ಬಗೆ

ಅಮೆರಿಕದ ಮಾರುಕಟ್ಟೆಗೆ 2022ರ ಮಾದರಿಯಾಗಿ ಬಂದ ಜಿಆರ್86 ಕಾರನ್ನು ಕೊಳ್ಳಬೇಕೆಂದಿರುವವರು ಮೊದಲು ಅದರ ಎಂಜಿನ್ನಿನ ಗುಣವನ್ನು ಅರಿಯಬೇಕು. ಸುಬಾರು ತಯಾರಿಸುವ ಈ 2.4 ಲೀಟರ್ ಎಂಜಿನ್‌ನಲ್ಲಿ ನಾಲ್ಕು ಸಿಲಿಂಡರ್‌ಗಳು ಎದುರುಬದುರಾಗಿ ಮಲಗಿರುವುದರಿಂದ ಕಾರಿನ ಭಾರ ನೆಲಕ್ಕೆ ಹತ್ತಿರವಾಗಿ ನಿಲ್ಲುತ್ತದೆ. ತಿರುವುಗಳಲ್ಲಿ ಸಿಗುವ ಸ್ಥಿರತೆಗೆ ಇದೊಂದು ಮುಖ್ಯ ಕಾರಣ. ಶಕ್ತಿ 228 ಅಶ್ವಬಲ. ಈ ಕಾರಿನ ಹಿಂದಿನ ಪೀಳಿಗೆಯ 2 ಲೀಟರ್ ಎಂಜಿನ್ ಗರಿಷ್ಠ ಟಾರ್ಕ್ (ತಿರುಗಿಸುವ ಬಲ) ಕೊಡಲು 6,400 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತುವ ಸಂಖ್ಯೆ) ಮುಟ್ಟಬೇಕಿತ್ತು, ಈ ಹೊಸ ಎಂಜಿನ್ 3,700ರಲ್ಲೇ ಕೊಡುತ್ತದೆ. ಆದ್ದರಿಂದ ಪರೀಕ್ಷಾರ್ಥ ಓಡಿಸುವಾಗ ಮೂರನೆಯ ಗೇರಿನಲ್ಲಿ ನಿಧಾನವಾಗಿ ಸಾಗಿ, ಗೇರ್ ಬದಲಿಸದೆ ವೇಗ ಹೆಚ್ಚಿಸಿ ನೋಡಿರಿ.

ಹಿಂಬದಿಯ ಆಸನದಲ್ಲಿ ಒಮ್ಮೆ ನೀವೇ ಕುಳಿತು ನೋಡುವುದು ಒಳ್ಳೆಯದು. ಅದು ವಯಸ್ಕರಿಗಲ್ಲ, ಚೀಲಗಳಿಗೆ ಮೀಸಲಾದ ಜಾಗ ಎಂಬುದೇ ನನ್ನ ಅಭಿಪ್ರಾಯ. ಅದನ್ನು ಮಡಚಿದರೆ ಮಾತ್ರ ಸಾಮಾನಿಗೆ ಸಾಕಷ್ಟು ಸ್ಥಳ ದೊರೆಯುತ್ತದೆ.

ಬಳಸಿದ ಕಾರಾದರೆ ಎಣ್ಣೆ ಬದಲಿಸಿದ ದಾಖಲೆಗಳನ್ನು ಕೇಳಿ ಪಡೆಯಿರಿ, ಹಿಂದಿನ ಟೈರುಗಳ ಸವೆತವನ್ನು ಮುಂದಿನವುಗಳೊಡನೆ ಹೋಲಿಸಿರಿ, ಕಾರು ರೇಸ್ ಟ್ರ್ಯಾಕಿನಲ್ಲಿ ಓಡಿತ್ತೇ ಎಂದು ನೇರವಾಗಿ ವಿಚಾರಿಸಿರಿ. ಪ್ರೀಮಿಯಂ ಪೆಟ್ರೋಲಿನ ಖರ್ಚನ್ನೂ ವಿಮೆಯ ಕಂತನ್ನೂ ಸೇರಿಸಿದ ಮೇಲೆಯೇ ಬೆಲೆಯ ಮಾತಿಗೆ ಕೂರಬೇಕು.