ಒಳ್ಳೆಯ ಕುರ್ಚಿ ತಂದ ಮೇಲೆ ಬೆನ್ನುನೋವು ಜಾಸ್ತಿಯಾಯಿತು

ನನ್ನದು ಕರಡು ತಿದ್ದುವ ಕೆಲಸ. 16 ವರ್ಷದಿಂದ ಇದೇ. ದಿನಕ್ಕೆ 8 ಗಂಟೆ ಕೂರುತ್ತೇನೆ ಅಂದುಕೊಂಡಿದ್ದೆ. ಬೆಳಗ್ಗೆ ಬಗ್ಗಿ ಸಾಕ್ಸ್ ಹಾಕಿಕೊಳ್ಳಲೂ ಆಗದಷ್ಟು ಸೊಂಟ ಹಿಡಿದುಕೊಂಡಾಗ, ಒಂದು ವಾರ ಗಡಿಯಾರ ನೋಡಿ ಬರೆದಿಟ್ಟೆ. ಕೆಲಸ, ಊಟ, ಪ್ರಯಾಣ, ಸಂಜೆಯ ಟೀವಿ ಎಲ್ಲ ಸೇರಿ ದಿನಕ್ಕೆ ಹನ್ನೊಂದೂವರೆ ಗಂಟೆ ಆಯಿತು. ನಿದ್ದೆಗಿಂತ ಜಾಸ್ತಿ ಹೊತ್ತು ಕೂತೇ ಇರುತ್ತಿದ್ದೆ.

ಮೊದಲು ಒಂದು ಒಳ್ಳೆಯ ಕುರ್ಚಿ ತಂದೆ. ಸೊಂಟಕ್ಕೆ ದಿಂಬು, ತಲೆಗೆ ಆಸರೆ, ಕೈ ಇಡಲು ಮೆತ್ತನೆಯ ಜಾಗ. ಹತ್ತು ದಿನ ಹಾಯಾಗಿತ್ತು. ಮೂರನೇ ವಾರಕ್ಕೆ ನೋವು ಮೊದಲಿಗಿಂತ ಹೆಚ್ಚು. ಯಾಕೆ ಅಂತ ನಾನು ಬರೆದಿಟ್ಟ ಲೆಕ್ಕದಲ್ಲೇ ಇತ್ತು. ಹಳೇ ಮರದ ಕುರ್ಚಿ ಒತ್ತುತ್ತಿತ್ತು. ಹಾಗಾಗಿ 40 ನಿಮಿಷಕ್ಕೊಮ್ಮೆ ತಾನಾಗೇ ಏಳುತ್ತಿದ್ದೆ. ಹೊಸದರಲ್ಲಿ ಒಮ್ಮೆ ಕೂತರೆ ಎರಡೂವರೆ ಗಂಟೆ ಏಳುತ್ತಲೇ ಇರಲಿಲ್ಲ. 'ಇನ್ನು ಸಾಕು, ಏಳು' ಅಂತ ದೇಹ ಹೇಳುತ್ತಿದ್ದದ್ದು ಆ ಮೆತ್ತೆಯೊಳಗೆ ಕೇಳಿಸದೇ ಹೋಗಿತ್ತು.

ಆಮೇಲೆ ನೆಟ್ಟಗೆ ಕೂರುವ ಹಟ ಹಿಡಿದೆ. ಚಿಕ್ಕಂದಿನಿಂದ ಕೇಳಿದ್ದು ಅದೇ ಅಲ್ವಾ, ಗೂನು ಹಾಕಬೇಡ, ನೆಟ್ಟಗೆ ಕೂತ್ಕೋ ಅಂತ. ಒಂದು ತಿಂಗಳು ಸೈನಿಕನ ಹಾಗೆ ಕೂತೆ. ಸೊಂಟದ ನೋವಿನ ಜೊತೆ ಭುಜದ ನಡುವಿನ ನೋವೂ ಸೇರಿಕೊಂಡಿತು. ಆಗ ಓದಲು ಶುರು ಮಾಡಿದೆ. 1999ರಲ್ಲಿ ಜರ್ಮನಿಯ ಹಾನ್ಸ್-ಯೋಆಖಿಮ್ ವಿಲ್ಕೆ ಮತ್ತು ಜೊತೆಗಾರರು ಒಬ್ಬ ಸ್ವಯಂಸೇವಕನ ಬೆನ್ನುಮೂಳೆಗಳ ನಡುವಿನ ಮೆತ್ತೆಯಂಥ ಡಿಸ್ಕ್ ಒಳಗೇ ಸಣ್ಣ ಸಂವೇದಕ ಇಟ್ಟು ಒತ್ತಡ ಅಳೆದಿದ್ದಾರೆ. ನಿಂತಾಗ 0.5 ಮೆಗಾಪಾಸ್ಕಲ್. ಕೂತು ಮುಂದಕ್ಕೆ ಬಾಗಿದಾಗ 0.83. ಕುರ್ಚಿಗೆ ಒರಗಿ ಜಾರಿ ಕೂತಾಗ ಬರೀ 0.27! ನಾವು ಸೋಮಾರಿತನ ಅಂತ ಬೈಯುವ ಭಂಗಿಯಲ್ಲೇ ಡಿಸ್ಕ್ ಮೇಲೆ ಒತ್ತಡ ಕಡಿಮೆ. ಅಳೆದದ್ದು ಒಬ್ಬರನ್ನು ಮಾತ್ರ, ನಿಜ. ಆದರೂ ಒಂದೇ 'ಸರಿಯಾದ' ಭಂಗಿ ಇದೆ ಅನ್ನುವ ನನ್ನ ನಂಬಿಕೆ ಅಲ್ಲಿಗೆ ಮುಗಿಯಿತು. ಡಿಸ್ಕ್‌ಗೆ ರಕ್ತನಾಳಗಳು ಇಲ್ಲವೆನ್ನುವಷ್ಟು ಕಡಿಮೆ. ಅದರ ಪೋಷಣೆ ನಡೆಯುವುದು ಸುತ್ತಲಿನಿಂದ ನಿಧಾನವಾಗಿ ಇಂಗುವ ದ್ರವದಿಂದ. ಒತ್ತಡ ಏರಿ ಇಳಿಯುತ್ತಿದ್ದರೆ ಆ ದ್ರವ ಒಳಗೂ ಹೊರಗೂ ಓಡಾಡುತ್ತದೆ. ನಾನು ನೆಟ್ಟಗೆ ಕೂತರೂ ಅಲುಗಾಡದೆ ಕೂತಿದ್ದೆ. ತೊಂದರೆ ಇದ್ದದ್ದು ಅಲ್ಲಿ.

ಇನ್ನೊಂದು ವಿಷಯ ಕೈಯಲ್ಲಿ ಮುಟ್ಟಿ ಗೊತ್ತಾಯಿತು. ಎರಡೂ ಅಂಗೈ ಮೇಲಕ್ಕೆ ಮಾಡಿ ಅವುಗಳ ಮೇಲೆ ಕೂತು ನೋಡಿ. ಎರಡು ಗಟ್ಟಿ ಮೂಳೆಗಳು ಸಿಗುತ್ತವೆ. ಭಾರ ಬೀಳಬೇಕಾದದ್ದು ಅವುಗಳ ಮೇಲೆ. ತೊಡೆ ಮತ್ತು ಬೆನ್ನು ಮೂಲೆಮಟ್ಟವಾಗಿ ಕೂತಾಗ ತೊಡೆಯ ಹಿಂದಿನ ಸ್ನಾಯುಗಳು ಸೊಂಟದ ಮೂಳೆಗೂಡನ್ನು ಹಿಂದಕ್ಕೆ ಎಳೆಯುತ್ತವೆ. ಆಗ ಭಾರ ಹಿಂದಕ್ಕೆ ಜಾರುತ್ತದೆ, ಸೊಂಟದ ಒಳಬಾಗು ಚಪ್ಪಟೆಯಾಗುತ್ತದೆ. ಡೆನ್ಮಾರ್ಕಿನ ಶಸ್ತ್ರವೈದ್ಯ ಮಾಂಡಾಲ್ ಇದನ್ನೇ ಹಿಡಿದು, ಆಸನ ಮುಂದಕ್ಕೆ ಇಳಿಜಾರಾಗಿರಲಿ ಅಂತ ವರ್ಷಗಟ್ಟಲೆ ವಾದಿಸಿದರು. ನಾನು ಹೊಸ ಕುರ್ಚಿ ಹುಡುಕಲಿಲ್ಲ. ಹಳೇ ಮರದ ಕುರ್ಚಿಯ ಹಿಂಭಾಗಕ್ಕೆ ಕಂಬಳಿ ಮಡಚಿ ಇಟ್ಟೆ, ಮಂಡಿ ಸೊಂಟಕ್ಕಿಂತ ನಾಲ್ಕು ಬೆರಳು ಕೆಳಗೆ ಬರುವ ಹಾಗೆ. ಬೆನ್ನು ಯಾರೂ ಹೇಳದೆ ಮೇಲೆದ್ದು ನಿಂತಿತು. ಹೊಸ ಕುರ್ಚಿಯಿಂದ ಸಿಗದಿದ್ದ ನೆಮ್ಮದಿ ಆ ಕಂಬಳಿಯಿಂದ ಸಿಕ್ಕಿತು.

ನೆಲಕ್ಕೆ ಇಳಿದದ್ದು ಆರು ತಿಂಗಳ ನಂತರ. ಮೊದಲ ವಾರ ಬೇಜಾರಾಗಿ ಬಿಟ್ಟುಬಿಡಬೇಕು ಅನ್ನಿಸಿತು. ಚಕ್ಕಳಮಕ್ಕಳ ಹಾಕಿದರೆ ಮಂಡಿ ಮೇಲಕ್ಕೆ ನಿಲ್ಲುತ್ತಿತ್ತು, ಬೆನ್ನು ಬಿಲ್ಲಾಗುತ್ತಿತ್ತು, ಹತ್ತು ನಿಮಿಷಕ್ಕೆ ಕಾಲು ಜೋಮು. ಇಲ್ಲೂ ಅದೇ ಕಂಬಳಿಯ ಲೆಕ್ಕ ಕೆಲಸ ಮಾಡಿತು. ಮಂಡಿ ಸೊಂಟಕ್ಕಿಂತ ಕೆಳಗೆ ಬರುವ ತನಕ ಅಡಿಗೆ ದಿಂಬು ಏರಿಸಿದೆ. ನನಗೆ 20 ಸೆಂಟಿಮೀಟರ್ ಬೇಕಾಯಿತು. ತಿಂಗಳಿಗೊಮ್ಮೆ ಸ್ವಲ್ಪ ಸ್ವಲ್ಪ ಇಳಿಸುತ್ತಾ ಬಂದೆ. ಕುಕ್ಕರುಗಾಲಿನಲ್ಲಿ ಕೂತರೆ ಹಿಮ್ಮಡಿ ನೆಲ ಮುಟ್ಟುತ್ತಲೇ ಇರಲಿಲ್ಲ. ಹಿಮ್ಮಡಿ ಅಡಿಗೆ ಒಂದು ದಪ್ಪ ಪುಸ್ತಕ ಇಟ್ಟೆ. ಆಮೇಲೆ ತೆಳು ಪುಸ್ತಕ. ಪುಸ್ತಕವಿಲ್ಲದೆ ಕೂರಲು ನಾಲ್ಕು ತಿಂಗಳು ಹಿಡಿಯಿತು. ಮಂಡಿ ಚುಚ್ಚಿದ ದಿನ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಬಿಗಿತ ಬೇರೆ, ಚುಚ್ಚುವ ನೋವು ಬೇರೆ. ಎರಡನೆಯದನ್ನು ತಳ್ಳಿಕೊಂಡು ಹೋಗಬಾರದು.

ನೆಲಕ್ಕೆ ಇಳಿದರೆ ಮೇಜೂ ಇಳಿಯಬೇಕು, ದೀಪವೂ ಇಳಿಯಬೇಕು. ಇದನ್ನು ನಾನು ಯೋಚಿಸಿರಲಿಲ್ಲ. ಚೀನಾದಲ್ಲಿ ಸುಮಾರು 1,000 ವರ್ಷಗಳ ಹಿಂದೆ ಇದರ ಉಲ್ಟಾ ನಡೆದಿತ್ತು. ಜನ ಚಾಪೆ ಬಿಟ್ಟು ಕುರ್ಚಿಗೆ ಏರಿದರು, ಅದರ ಹಿಂದೆಯೇ ಮೇಜುಗಳೂ ಮನೆಯ ಉಳಿದ ಸಾಮಾನುಗಳೂ ಎತ್ತರವಾದವು. ಒಂದು ಕುರ್ಚಿ ಇಡೀ ಕೋಣೆಯ ಅಳತೆಯನ್ನೇ ಬದಲಾಯಿಸುತ್ತದೆ. ನಾನು ಲ್ಯಾಪ್‌ಟಾಪ್‌ಗೆ ಒಂದು ಗಟ್ಟಿ ಪೆಟ್ಟಿಗೆ ಇಟ್ಟುಕೊಂಡೆ, ಅಷ್ಟೇ ಸಾಕಾಯಿತು.

ಒಂದು ದಿನ ಸುಮ್ನೆ ಎಣಿಸಿದೆ. ಕುರ್ಚಿಯಲ್ಲಿ ಒಂದು ಗಂಟೆಗೆ 3 ಭಂಗಿ. ನೆಲದಲ್ಲಿ 11. ಕಾಲು ನೀಡಿ, ಒಂದು ಮಂಡಿ ಎತ್ತಿ, ಮಂಡಿಯೂರಿ, ಪಕ್ಕಕ್ಕೆ ವಾಲಿ, ಹೀಗೆ. ನೆಲ ಗಟ್ಟಿಯಾದ್ದರಿಂದ ದೇಹವೇ ಜಾಗ ಬದಲಿಸುತ್ತದೆ. ಟಾಂಜಾನಿಯಾದ ಹಡ್ಜಾ ಬೇಟೆಗಾರರ ಬಗ್ಗೆ 2020ರಲ್ಲಿ ಬಂದ ಅಧ್ಯಯನ ಓದಿದಾಗ ಇದು ಇನ್ನಷ್ಟು ಸ್ಪಷ್ಟವಾಯಿತು. ಅವರೂ ಎಚ್ಚರವಿದ್ದಾಗ ದಿನಕ್ಕೆ ಸುಮಾರು 10 ಗಂಟೆ ಚಟುವಟಿಕೆಯಿಲ್ಲದೆ ಇರುತ್ತಾರೆ. ಆದರೆ ಬಹಳ ಹೊತ್ತು ಕುಕ್ಕರುಗಾಲಿನಲ್ಲಿ ಅಥವಾ ಮಂಡಿಯೂರಿ ಇರುತ್ತಾರೆ. ಹಾಗೆ ಕೂತಾಗ ಕಾಲಿನ ಸ್ನಾಯುಗಳು ಕುರ್ಚಿಯಲ್ಲಿ ಕೂತಾಗಿನ ಹಾಗೆ ಪೂರ್ತಿ ಮಲಗಿಬಿಡುವುದಿಲ್ಲ.

ನಿಂತು ಕೆಲಸ ಮಾಡುವ ಮೇಜನ್ನೂ ಎರಡು ತಿಂಗಳು ಪ್ರಯತ್ನಿಸಿದೆ. ಮೀನಖಂಡ ಊದಿಕೊಂಡಿತು. ದಿನಕ್ಕೆ ಒಂದು ಗಂಟೆಗೆ ಇಳಿಸಿದೆ.

ಮನಸ್ಸಿನ ವಿಷಯಕ್ಕೆ ಬಂದರೆ ಎಚ್ಚರದಿಂದ ಮಾತಾಡಬೇಕು. ಮೈ ಅಗಲಿಸಿ ಎರಡು ನಿಮಿಷ ಕೂತರೆ, ನಿಂತರೆ ಹಾರ್ಮೋನುಗಳೇ ಬದಲಾಗುತ್ತವೆ, ಧೈರ್ಯ ಬರುತ್ತದೆ ಅಂತ 2010ರಲ್ಲಿ ಒಂದು ಸಂಶೋಧನೆ ಬಂತು. 2015ರಲ್ಲಿ ಹೆಚ್ಚು ಜನರನ್ನಿಟ್ಟುಕೊಂಡು ಮತ್ತೆ ಮಾಡಿದಾಗ ಹಾರ್ಮೋನಿನ ಬದಲಾವಣೆ ಕಾಣಲಿಲ್ಲ. ಮೊದಲ ಸಂಶೋಧನೆಯ ಮುಖ್ಯ ಲೇಖಕಿ ಡೇನಾ ಕಾರ್ನಿ ಅವರೇ 2016ರಲ್ಲಿ, ಆ ಪರಿಣಾಮ ನಿಜವೆಂದು ತಾನು ನಂಬುವುದಿಲ್ಲ ಅಂತ ಬಹಿರಂಗವಾಗಿ ಬರೆದರು. ಅವರ ಆ ಪ್ರಾಮಾಣಿಕತೆ ನನಗೆ ತುಂಬಾ ಇಷ್ಟವಾಯಿತು. ನನಗೆ ಗೊತ್ತಾದದ್ದು ಸಣ್ಣ ವಿಷಯ. ಕಷ್ಟದ ಪುಟ ಬಂದಾಗ ನಾನು ಪರದೆಯ ಕಡೆ ಬಾಗುತ್ತೇನೆ, ಹೊಟ್ಟೆ ಮಡಚಿಕೊಳ್ಳುತ್ತದೆ, ಉಸಿರು ಗಂಟಲಲ್ಲೇ ನಿಲ್ಲುತ್ತದೆ. ಅರ್ಧ ಗಂಟೆ ಹಾಗೆ ಇದ್ದರೆ ಸಿಡುಕು ಶುರು. ಮೊದಲು ಅದಕ್ಕೆ ಬರೆದವರನ್ನು ಬೈಯುತ್ತಿದ್ದೆ. ಈಗ ಎದ್ದು ನಡೆಯುತ್ತೇನೆ. ಬಗೆಹರಿಯದ ವಾಕ್ಯಗಳು ಎಷ್ಟೋ ಸಲ ನಡೆಯುವಾಗಲೇ ಸರಿಹೋಗಿವೆ.

ಇನ್ನು ಜನರ ನಡುವಿನ ಕುರ್ಚಿ. ಪ್ರಾಚೀನ ಈಜಿಪ್ಟಿನ ರಾಜ ತುತಾಂಖಾಮುನ್‌ನ ಗೋರಿಯಲ್ಲಿ ಸಿಕ್ಕ ಪಾದಪೀಠಗಳ ಮೇಲೆ ಕೈ ಕಟ್ಟಿಹಾಕಿದ ಶತ್ರುಗಳ ಚಿತ್ರಗಳಿವೆ. ರಾಜ ಕೂತರೆ ಅವನ ಕಾಲು ಅವರ ಮೇಲೆ. 3,300 ವರ್ಷಗಳಾದರೂ ನಾವು ಅಧಿಕಾರಕ್ಕೆ 'ಕುರ್ಚಿ' ಅಂತಲೇ ಹೇಳುತ್ತೇವೆ, ಕುರ್ಚಿ ಹೋಯಿತು, ಕುರ್ಚಿ ಉಳಿಯಿತು ಅಂತ. ನನ್ನ ಜೊತೆ ಕೆಲಸ ಮಾಡುವವರು ಐದು ಜನ. ಸಭೆಯಲ್ಲಿ ಎತ್ತರದ, ಕೈಯಿರುವ ಕುರ್ಚಿ ನನ್ನದಾಗಿತ್ತು, ಉಳಿದವು ಗಿಡ್ಡ. ನಾನು ಯಾವತ್ತೂ ಇದನ್ನು ಗಮನಿಸಿರಲಿಲ್ಲ. ಗಿಡ್ಡ ಕುರ್ಚಿಯಲ್ಲಿ ಕೂತವರಿಗೆ ಮಾತ್ರ ಅದು ಕಾಣುವುದು.

ಹೊಸ ಉತ್ಸಾಹದಲ್ಲಿ ಎಲ್ಲರೂ ನೆಲದಲ್ಲಿ ಕೂರೋಣ ಅಂದೆ. ಎರಡು ಸಭೆ ಚೆನ್ನಾಗಿ ನಡೆದವು ಅಂತಲೇ ತಿಳಿದಿದ್ದೆ. ಮೂರನೆಯದು ಮುಗಿದ ಮೇಲೆ ಒಬ್ಬರು ಪಕ್ಕಕ್ಕೆ ಕರೆದು ಹೇಳಿದರು: "ಮೇಡಂ, ನನ್ನ ಮಂಡಿಗೆ ಆಪರೇಷನ್ ಆಗಿದೆ. ಎಲ್ಲರೂ ಹೊರಗೆ ಹೋಗಲಿ ಅಂತ ಕಾದು ಆಮೇಲೆ ಏಳ್ತಿದ್ದೆ." ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಎತ್ತರದ ಕುರ್ಚಿ ಬಿಟ್ಟಿದ್ದೆ, ಆದರೆ ಎಲ್ಲರೂ ಹೇಗೆ ಕೂರಬೇಕು ಅನ್ನುವುದನ್ನು ನಾನೇ ಹೇಳುತ್ತಿದ್ದೆ. ಈಗ ನಮ್ಮ ಸಭೆಯಲ್ಲಿ ಒಂದೇ ಎತ್ತರದ ಕುರ್ಚಿಗಳಿವೆ, ನಿಲ್ಲಲು ಜಾಗವಿದೆ, ಮಧ್ಯೆ ಯಾರು ಎದ್ದರೂ ಯಾರೂ ಕೇಳುವುದಿಲ್ಲ.

ಕುರ್ಚಿಯೇ ಸಿಗದವರನ್ನೂ ಮರೆಯಬಾರದು. ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸರಿಗೆ ಕೂರಲು ಆಸನ ಕೊಡಬೇಕು ಅಂತ ಬ್ರಿಟನ್ 1899ರಲ್ಲಿ ಕಾನೂನು ಮಾಡಿತು. ಕೇರಳದಲ್ಲಿ ಅಂಥ ಹಕ್ಕು ಬಂದದ್ದು 2018ರಲ್ಲಿ, ಜವಳಿ ಅಂಗಡಿಗಳಲ್ಲಿ ದಿನವಿಡೀ ನಿಲ್ಲುತ್ತಿದ್ದ ಹೆಂಗಸರು ಹೋರಾಡಿದ ಮೇಲೆ. ನಾನು ಕುರ್ಚಿಯಿಂದ ಏಳುವ ಬಗ್ಗೆ ಇಷ್ಟು ಬರೆಯುತ್ತಿದ್ದೇನೆ. ಅವರಿಗೆ ಕೂರುವುದಕ್ಕೇ ಹೋರಾಟ ಬೇಕಾಯಿತು. ಯಾವಾಗ ಕೂರಬೇಕು, ಯಾವಾಗ ಏಳಬೇಕು ಅನ್ನುವುದು ಕೆಲಸ ಮಾಡುವವರ ಕೈಯಲ್ಲಿಲ್ಲದಿದ್ದರೆ ಎರಡೂ ಒಂದೇ ಥರ ನೋಯಿಸುತ್ತವೆ.

ಎರಡು ವರ್ಷವಾಯಿತು. ಬೆನ್ನುನೋವು ಪೂರ್ತಿ ಹೋಗಿಲ್ಲ, ಉದ್ದ ಪ್ರಯಾಣ ಮಾಡಿದರೆ ಮರುದಿನ ಬರುತ್ತದೆ. ಸಾಕ್ಸ್ ಮಾತ್ರ ನಿಂತೇ ಹಾಕಿಕೊಳ್ಳುತ್ತೇನೆ.

ಈಗ ಅಮ್ಮನ ಸರದಿ. ಅವರಿಗೆ 74. ಬ್ರೆಜಿಲ್‌ನ ವೈದ್ಯ ಕ್ಲಾಡಿಯೊ ಗಿಲ್ ಅರೌಜೊ ಅವರ ತಂಡ 51ರಿಂದ 80 ವಯಸ್ಸಿನ 2,002 ಜನರಲ್ಲಿ, ನೆಲಕ್ಕೆ ಕೂತು ಏಳಲು ಕೈ, ಮಂಡಿಗಳ ಆಸರೆ ಎಷ್ಟು ಬೇಕು ಅಂತ ನೋಡಿತ್ತು. ಆಸರೆ ಕಡಿಮೆ ಬೇಕಾದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವುಗಳೂ ಕಡಿಮೆ ಇದ್ದವು. ಅದನ್ನು ಓದಿದ ಮೇಲೆ ಅಮ್ಮನ ವೈದ್ಯರನ್ನು ಕೇಳಿ ಶುರು ಮಾಡಿದೆವು. ಪಕ್ಕದಲ್ಲಿ ಗೋಡೆ, ಎದುರಿಗೆ ನಾನು. 45 ಸೆಂಟಿಮೀಟರ್ ಎತ್ತರದ ಕುರ್ಚಿಯಿಂದ ಕೈ ಊರದೆ ಐದು ಸಲ ಏಳುವುದು. ಎರಡು ವಾರ ಸಲೀಸಾಗಿ ಆದರೆ ಸ್ವಲ್ಪ ಗಿಡ್ಡ ಆಸನ. ಈಗ 32ಕ್ಕೆ ಬಂದಿದ್ದೇವೆ. ಅದಕ್ಕಿಂತ ಕೆಳಗೆ ಅವರಿಗೆ ಇನ್ನೂ ಒಂದು ಕೈ ಬೇಕು, ನನ್ನ ಭುಜ ಕೊಡುತ್ತೇನೆ.